ಯಾವ ಹಳ್ಳ ಮೊದಲು? ಜಲಾನಯನಗಳನ್ನು ಹೋಲಿಸಿ ನೀರಿನ ಗುಣಮಟ್ಟದ ಯೋಜನೆ ಹಾಕುವ ಬಗೆ

ಇಪ್ಪತ್ತು ಹಳ್ಳಗಳಿವೆ, ಮೂರಕ್ಕಾಗುವಷ್ಟು ಹಣವಿದೆ. ನೀರಿನ ಗುಣಮಟ್ಟ ಸುಧಾರಿಸುವ ಕೆಲಸಕ್ಕೆ ಕೈಹಾಕಿದವರೆಲ್ಲ ಒಂದಲ್ಲ ಒಂದು ದಿನ ಈ ಲೆಕ್ಕದ ಮುಂದೆ ಕೂರಲೇಬೇಕು. ಆಗ ಸಭೆಯಲ್ಲಿರುವ ಎಲ್ಲರ ಬೆರಳೂ ನಕ್ಷೆಯ ಮೇಲೆ ಒಂದೇ ಕಡೆ ಹೋಗುತ್ತದೆ: ಅತ್ಯಂತ ಕಪ್ಪಾಗಿ ಹರಿಯುವ, ಮೂಗು ಮುಚ್ಚಿಕೊಂಡು ದಾಟಬೇಕಾದ ಹಳ್ಳದ ಕಡೆಗೆ. ಅದು ಸಹಜ, ನೋವಿದ್ದಲ್ಲಿಗೇ ಕೈ ಹೋಗುತ್ತದೆ. ಆದರೆ ಇದ್ದ ಹಣವನ್ನೆಲ್ಲ ಅಲ್ಲಿ ಸುರಿದು, ಹತ್ತು ವರ್ಷಗಳ ಮೇಲೂ ಅದೇ ಕಪ್ಪು ನೀರನ್ನು ನೋಡುತ್ತ ನಿಲ್ಲುವುದೂ ಉಂಟು. ಅಷ್ಟರಲ್ಲಿ, ತುಸು ನೆರವು ಸಿಕ್ಕಿದ್ದರೆ ಚೇತರಿಸಿಕೊಳ್ಳುತ್ತಿದ್ದ ಪಕ್ಕದ ಎರಡು ಹಳ್ಳಗಳೂ ಹದಗೆಟ್ಟಿರುತ್ತವೆ.

ಜಲಾನಯನಗಳನ್ನು ಹೋಲಿಸುವುದು ಯಾವುದು ಎಷ್ಟು ಕೆಟ್ಟಿದೆ ಎಂದು ತೀರ್ಪು ಕೊಡುವುದಕ್ಕಲ್ಲ. ನಮ್ಮ ಶ್ರಮ ಎಲ್ಲಿ ಫಲಿಸೀತು ಎಂಬುದು ಒಂದು ಪ್ರಶ್ನೆ. ಈಗಲೇ ಕಾಯದಿದ್ದರೆ ಯಾವುದು ಕೈತಪ್ಪಿ ಹೋದೀತು ಎಂಬುದು ಇನ್ನೊಂದು. ಮೊದಲನೆಯದು ಪುನಶ್ಚೇತನದ ಪ್ರಶ್ನೆ, ಎರಡನೆಯದು ಸಂರಕ್ಷಣೆಯ ಪ್ರಶ್ನೆ. ಎರಡನ್ನೂ ಒಂದೇ ಪಟ್ಟಿಗೆ ತುರುಕಿದರೆ ಎರಡೂ ಹಾಳಾಗುತ್ತವೆ. ಕೆಳಗಿನ ಹೆಜ್ಜೆಗಳನ್ನು ಈ ಮಾತನ್ನು ನೆನಪಿನಲ್ಲಿಟ್ಟುಕೊಂಡೇ ಓದಿ. ಒಂದು ಎಕ್ಸೆಲ್ ಹಾಳೆ, ಕ್ಯೂಜಿಐಎಸ್‌ನಂತಹ ಉಚಿತ ನಕ್ಷೆ ತಂತ್ರಾಂಶ ಮತ್ತು ನಡೆಯಬಲ್ಲ ಕಾಲುಗಳು ಇದ್ದರೆ ಈ ಕೆಲಸ ಶುರುಮಾಡಬಹುದು.

ಹೆಜ್ಜೆ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ನೀರು ಶುದ್ಧವಾಗಬೇಕು" ಎಂಬುದು ಆಸೆ, ಪ್ರಶ್ನೆಯಲ್ಲ. ಯಾವ ನೀರು, ಯಾರ ಬಳಕೆಗೆ, ಯಾವ ಮಾಲಿನ್ಯದಿಂದ ಎಂಬ ಮೂರೂ ವಾಕ್ಯದಲ್ಲಿ ಇರಬೇಕು. "ಕೆಳಗಿನ ಜಲಾಶಯದಲ್ಲಿ ಪಾಚಿ ಕಟ್ಟದಂತೆ ರಂಜಕ ತಗ್ಗಿಸಲು ಯಾವ ಉಪಜಲಾನಯನಗಳಲ್ಲಿ ಮೊದಲು ಕೆಲಸ ಮಾಡಬೇಕು?" ಎನ್ನುವುದು ಪ್ರಶ್ನೆ. "ಕುಡಿಯುವ ನೀರು ಎತ್ತುವ ಸ್ಥಳದ ಮೇಲ್ಭಾಗದಲ್ಲಿ ಇನ್ನೂ ಚೆನ್ನಾಗಿರುವ ಯಾವ ತೊರೆಗಳಿಗೆ ಅಪಾಯ ಹತ್ತಿರವಾಗುತ್ತಿದೆ?" ಎನ್ನುವುದು ಇನ್ನೊಂದು. ಇವೆರಡಕ್ಕೂ ಬೇಕಾದ ದತ್ತಾಂಶ ಬೇರೆ, ಉತ್ತರವೂ ಬೇರೆ.

ಎರಡನೆಯ ಬಗೆಯ ಪ್ರಶ್ನೆಯನ್ನು ಹೊತ್ತಿಗೆ ಸರಿಯಾಗಿ ಕೇಳಿಕೊಂಡವರಲ್ಲಿ ನ್ಯೂಯಾರ್ಕ್ ನಗರದ ಉದಾಹರಣೆ ದೊಡ್ಡದು. ಆ ನಗರದ ನೀರಿನ ಬಹುಪಾಲು ಕ್ಯಾಟ್‌ಸ್ಕಿಲ್ ಮತ್ತು ಡೆಲವೇರ್ ಜಲಾನಯನಗಳಿಂದ ಬರುತ್ತದೆ. ಅದನ್ನು ಸೋಸುವ ಬೃಹತ್ ಘಟಕ ಕಟ್ಟಬೇಕಾದ ಪ್ರಸಂಗ ಬಂದಾಗ ನಗರವು 1997ರಲ್ಲಿ ಮೇಲ್ಭಾಗದ ಊರುಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಒಪ್ಪಿದ ಮಾಲೀಕರಿಂದ ಭೂಮಿ ಖರೀದಿಸಿತು, ಅಲ್ಲಿನ ಕೊಳಚೆ ಶುದ್ಧೀಕರಣ ಘಟಕಗಳನ್ನು ಮೇಲ್ದರ್ಜೆಗೇರಿಸಿತು, ರೈತರ ಜೊತೆ ಸೇರಿ ಗೊಬ್ಬರ ಮತ್ತು ಜಾನುವಾರು ನಿರ್ವಹಣೆಗೆ ಹಣ ಕೊಟ್ಟಿತು. ಕೆಟ್ಟ ಮೇಲೆ ಸರಿಪಡಿಸುವುದಕ್ಕಿಂತ ಕೆಡದಂತೆ ಕಾಯುವುದು ಅಗ್ಗ ಎಂದು ಲೆಕ್ಕ ಹಾಕಿಯೇ ಮಾಡಿದ ಕೆಲಸವದು.

ಹೆಜ್ಜೆ 2: ಗಡಿ ಎಳೆಯಿರಿ

ಒಂದು ಬಿಂದುವಿಗೆ ಹರಿದು ಬರುವ ಎಲ್ಲ ಮಳೆನೀರಿನ ನೆಲವೇ ಆ ಬಿಂದುವಿನ ಜಲಾನಯನ. ಆಡಳಿತದ ಗಡಿಗಳನ್ನು ಇಲ್ಲಿ ಬದಿಗಿಡಿ. ನೀರಿಗೆ ಗೊತ್ತಿರುವುದು ದಿಬ್ಬ ಮತ್ತು ಇಳಿಜಾರು ಮಾತ್ರ.

ಗಡಿಯನ್ನು ಶೂನ್ಯದಿಂದ ಎಳೆಯಬೇಕಿಲ್ಲ. 2000ನೇ ಇಸವಿಯ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯೊಂದು ರಾಡಾರ್‌ನಿಂದ ಭೂಮಿಯ ಬಹುಭಾಗದ ಎತ್ತರ ಅಳೆದು ತಂದ ದತ್ತಾಂಶ ಇಂದು ಸುಮಾರು 30 ಮೀಟರ್ ಸೂಕ್ಷ್ಮತೆಯಲ್ಲಿ ಎಲ್ಲರಿಗೂ ಉಚಿತ. ಮುಖ್ಯವಾಗಿ ಅದನ್ನೇ ಆಧರಿಸಿದ ಹೈಡ್ರೋಬೇಸಿನ್ಸ್ ಎಂಬ ಜಾಗತಿಕ ಸಂಗ್ರಹದಲ್ಲಿ ಜಲಾನಯನಗಳನ್ನು ಒಂದರೊಳಗೊಂದು ಕೂರುವಂತೆ 12 ಹಂತಗಳಲ್ಲಿ ಗುರುತಿಸಲಾಗಿದೆ. ದೊಡ್ಡ ಹಂತದಿಂದ ಆರಂಭಿಸಿ ನಿಮ್ಮ ಪ್ರಶ್ನೆಗೆ ಹೊಂದುವ ಗಾತ್ರದವರೆಗೆ ಇಳಿಯಿರಿ. ಅಮೆರಿಕದಲ್ಲಿ ಇಂತಹ ಹೋಲಿಕೆಗೆ ಹೆಚ್ಚಾಗಿ ಬಳಸುವ ಘಟಕ ಸುಮಾರು 40ರಿಂದ 160 ಚದರ ಕಿಲೋಮೀಟರಿನದು. ಒಂದು ತಂಡ ನಡೆದು ನೋಡಬಲ್ಲಷ್ಟು ಚಿಕ್ಕದು, ನಕ್ಷೆಯಲ್ಲಿ ಅರ್ಥ ಕೊಡುವಷ್ಟು ದೊಡ್ಡದು. ಗಾತ್ರ ಯಾವುದೇ ಇರಲಿ, ಹೋಲಿಸುವ ಘಟಕಗಳು ಸರಿಸುಮಾರು ಒಂದೇ ಅಳತೆಯವಾಗಿರಲಿ. 10 ಚದರ ಕಿಲೋಮೀಟರಿನ ತೊರೆಯನ್ನು 2,000 ಚದರ ಕಿಲೋಮೀಟರಿನ ನದಿಯ ಪಕ್ಕ ಇಟ್ಟರೆ ಅಂಕಿಗಳು ಸರಿಯಿದ್ದರೂ ಹೋಲಿಕೆ ಸುಳ್ಳಾಗುತ್ತದೆ.

ಸಮತಟ್ಟು ನೆಲದಲ್ಲಿ ಮತ್ತು ಪೇಟೆಗಳಲ್ಲಿ ಇಂತಹ ದತ್ತಾಂಶದ ಗಡಿಯನ್ನು ಕಣ್ಣುಮುಚ್ಚಿ ನಂಬಬೇಡಿ. ನೆಲ ಒಂದು ಕಡೆ ಇಳಿದರೂ ಚರಂಡಿ ಇನ್ನೊಂದು ಕಡೆಗೆ ಹೋಗಿರುತ್ತದೆ, ಕಾಲುವೆಯೊಂದು ದಿಬ್ಬ ಸೀಳಿ ಪಕ್ಕದ ಕಣಿವೆಗೆ ನೀರು ಹಾಯಿಸುತ್ತಿರುತ್ತದೆ. ಒಂದು ಜೋರು ಮಳೆಯ ದಿನ ಗಡಿಯ ಅನುಮಾನದ ಜಾಗಗಳಿಗೆ ಹೋಗಿ ನಿಂತರೆ, ನೀರು ಅರ್ಧ ಗಂಟೆಯಲ್ಲಿ ಉತ್ತರ ಹೇಳುತ್ತದೆ.

ಹೆಜ್ಜೆ 3: ಸೂಚಕಗಳನ್ನು ಆರಿಸಿ, ಆದರೆ ಕೆಲವನ್ನೇ

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಚೇತರಿಕೆಯ ಸಾಧ್ಯತೆಯನ್ನು ಅಳೆಯಲು ಒಂದು ವಿಧಾನ ರೂಪಿಸಿದೆ. ಅದರ ಬುನಾದಿ ಸರಳ, ಎಲ್ಲಿಯೂ ಬಳಸಬಹುದಾದದ್ದು. ಪ್ರತಿ ಜಲಾನಯನವನ್ನೂ ಅದು ಮೂರು ಬದಿಯಿಂದ ನೋಡುತ್ತದೆ.

ಒಂದು, ಪರಿಸರದ ಕಸುವು. ಕಾಡು ಎಷ್ಟು ಉಳಿದಿದೆ, ಹಳ್ಳದ ದಂಡೆಯಲ್ಲಿ ಮರಗಿಡಗಳ ಪಟ್ಟಿ ಎಷ್ಟು ಉದ್ದಕ್ಕೆ ಅಖಂಡವಾಗಿದೆ, ಜೌಗು ನೆಲ ಇದೆಯೇ, ನೀರಿನ ಜೀವಿಗಳು ಮೇಲ್ಭಾಗದಿಂದ ಕೆಳಕ್ಕೆ ಬರಲು ದಾರಿಯಿದೆಯೇ ಎಂಬುದು. ಎರಡು, ಒತ್ತಡ. ಕಾಂಕ್ರೀಟು ಮತ್ತು ಡಾಂಬರು ಹೊದ್ದ ನೆಲ, ಬೆಳೆ ಭೂಮಿ, ಜಾನುವಾರುಗಳ ದಟ್ಟಣೆ, ಕೊಳಚೆ ಬಿಡುವ ಕೊಳವೆಗಳು, ಗಣಿಗಳು ಇದರಲ್ಲಿ ಬರುತ್ತವೆ. ಮೂರು, ಸಮಾಜದ ಕಡೆ. ಅಲ್ಲಿ ಈ ನೀರನ್ನು ಕುಡಿಯುವವರಿದ್ದಾರೆಯೇ, ಭೂಮಿ ಕೆಲವರ ಕೈಯಲ್ಲಿದೆಯೋ ನೂರಾರು ಮಂದಿಯ ಕೈಯಲ್ಲಿದೆಯೋ, ಮೊದಲೇ ಒಂದು ಯೋಜನೆ ಇದೆಯೇ, ದುಡಿಯುವ ಗುಂಪುಗಳಿವೆಯೇ.

ಪ್ರತಿ ಗುಂಪಿಗೂ ನಾಲ್ಕೈದು ಸೂಚಕ ಸಾಕು. ಸಿಕ್ಕಿದ್ದನ್ನೆಲ್ಲ ಸೇರಿಸಿದರೆ ನಿಖರತೆ ಹೆಚ್ಚುತ್ತದೆ ಎಂದು ಅನಿಸುತ್ತದೆ. ಆಗುವುದು ತದ್ವಿರುದ್ಧ. ಬೆಳೆ ಭೂಮಿಯ ಪಾಲು, ಗೊಬ್ಬರದ ಬಳಕೆ, ಹಳ್ಳದ ನೈಟ್ರೇಟ್ ಇವು ಮೂರೂ ಬಹುಮಟ್ಟಿಗೆ ಒಂದೇ ಕಥೆಯನ್ನು ಹೇಳುತ್ತವೆ. ಮೂರನ್ನೂ ಸೇರಿಸಿದರೆ ಬೇಸಾಯಕ್ಕೆ ಮೂರು ಮತ, ಕಾರ್ಖಾನೆಗೆ ಒಂದೇ ಮತ ಕೊಟ್ಟಂತಾಗುತ್ತದೆ. ಎರಡೆರಡು ಸೂಚಕಗಳನ್ನು ಜೋಡಿಯಾಗಿ ಗ್ರಾಫ್‌ನಲ್ಲಿಟ್ಟು ನೋಡಿ. ಚುಕ್ಕೆಗಳು ಒಂದೇ ಗೆರೆಯ ಮೇಲೆ ಸಾಲುಗಟ್ಟಿದರೆ ಒಂದನ್ನು ಕೈಬಿಡಿ.

ಕಾಂಕ್ರೀಟಿನ ಪಾಲು ಮಾತ್ರ ಯಾವ ಪಟ್ಟಿಯಿಂದಲೂ ಬಿಟ್ಟುಹೋಗಬಾರದ ಸೂಚಕ. ನಗರದ ತೊರೆಗಳ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಹಾಕಿ ಥಾಮಸ್ ಶೂಲರ್ 1994ರಲ್ಲಿ ಒಂದು ಸ್ಥೂಲ ಅಳತೆಗೋಲು ಕೊಟ್ಟರು: ಜಲಾನಯನದ ಶೇ. 10ರಷ್ಟು ನೆಲಕ್ಕೆ ನೀರು ಇಂಗದಂತಾದರೆ ತೊರೆಯ ಆರೋಗ್ಯ ಕುಸಿಯತೊಡಗುತ್ತದೆ, ಶೇ. 25 ದಾಟಿದರೆ ಮೊದಲಿನಂತಾಗುವುದು ಬಹಳ ಕಷ್ಟ. ಇದು ಕಲ್ಲಿನಲ್ಲಿ ಕೊರೆದ ಗೆರೆಯಲ್ಲ. ಮಣ್ಣು, ಇಳಿಜಾರು, ಚರಂಡಿಯ ವಿನ್ಯಾಸದಂತೆ ಹಿಂದೆ ಮುಂದೆ ಸರಿಯುತ್ತದೆ. ಆದರೂ ಶೇ. 8ರಲ್ಲಿರುವ ಜಲಾನಯನವೊಂದು ಕಣ್ಣಿಗೆ ಬಿದ್ದರೆ ನನ್ನ ಕೈ ತಾನಾಗಿ ಅದನ್ನು ಸಂರಕ್ಷಣೆಯ ಪಟ್ಟಿಯಲ್ಲಿ ಬರೆಯುತ್ತದೆ. ನೆಲದ ಹೊದಿಕೆಯ ಅಂಕಿಗಳಿಗೆ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ವರ್ಲ್ಡ್‌ಕವರ್ ನಕ್ಷೆ ಒಳ್ಳೆಯ ಆರಂಭ. 2020 ಮತ್ತು 2021ರ ನಕ್ಷೆಗಳು 10 ಮೀಟರ್ ಸೂಕ್ಷ್ಮತೆಯಲ್ಲಿ ಇಡೀ ಜಗತ್ತಿಗೆ ಲಭ್ಯ. ಇಡೀ ಜಲಾನಯನದ ಪಾಲನ್ನು ಒಮ್ಮೆ, ಹಳ್ಳದ ಎರಡೂ ಬದಿಯ 30 ಮೀಟರ್ ಪಟ್ಟಿಯ ಪಾಲನ್ನು ಇನ್ನೊಮ್ಮೆ ಲೆಕ್ಕ ಹಾಕಿ. ಶೇ. 60 ಕಾಡಿದ್ದೂ ದಂಡೆಯೆಲ್ಲ ಬೋಳಾಗಿರುವ ಜಲಾನಯನವನ್ನು ಮೊದಲ ಅಂಕಿಯೊಂದೇ ಬಚ್ಚಿಡುತ್ತದೆ.

ಸಾಮಾಜಿಕ ಸೂಚಕಗಳ ಬಗ್ಗೆ ನನ್ನ ಮನಸ್ಸಿನಲ್ಲಿರುವ ಒಂದು ಸಂಕಟವನ್ನು ಹೇಳಿಬಿಡುತ್ತೇನೆ. ಸಂಘಟನೆ ಇರುವ, ಓದುಬರಹ ಬಲ್ಲ, ಅರ್ಜಿ ಬರೆಯಬಲ್ಲ ಜನರಿರುವ ಜಲಾನಯನಕ್ಕೆ ಹೆಚ್ಚು ಅಂಕ ಬೀಳುತ್ತದೆ. ಬಡವರಿರುವ, ಯಾರೂ ತಿರುಗಿ ನೋಡದ ಹಳ್ಳಕ್ಕೆ ಕಡಿಮೆ ಬೀಳುತ್ತದೆ. ಹೀಗೆ ಲೆಕ್ಕದ ಹಾಳೆಯೇ ಹಳೆಯ ಅನ್ಯಾಯವನ್ನು ಮುಂದುವರಿಸುತ್ತದೆ. ಆದ್ದರಿಂದ ಇಲ್ಲಿ ಅಂಕ ಕಡಿಮೆ ಬಂದ ಕಡೆಯನ್ನು ಕೈಬಿಡಬೇಡಿ. ಅಲ್ಲಿ ಮೊದಲ ವರ್ಷದ ಕೆಲಸ ಜನರ ಜೊತೆ ಕೂರುವುದು ಎಂದು ಓದಿಕೊಳ್ಳಿ. ಹಾಗೆಯೇ, ಕೆಟ್ಟ ನೀರನ್ನೇ ಕುಡಿಯದೆ ಗತಿಯಿಲ್ಲದವರ ಸಂಖ್ಯೆಯನ್ನು ಒಂದು ಪ್ರತ್ಯೇಕ ಸೂಚಕವಾಗಿ ಸೇರಿಸಿ.

ಹೆಜ್ಜೆ 4: ನೀರಿನ ಅಂಕಿಗಳನ್ನು ಒಂದೇ ಭಾಷೆಗೆ ತನ್ನಿ

ಹೆಚ್ಚಿನ ಹೋಲಿಕೆಗಳು ದಾರಿ ತಪ್ಪುವುದು ಇಲ್ಲಿ. ಆದ್ದರಿಂದ ಈ ಹೆಜ್ಜೆಗೆ ಹೆಚ್ಚು ಸಮಯ ಕೊಡಿ.

ಮೊದಲು ಮಾನಗಳು. ನೈಟ್ರೇಟನ್ನು ಎರಡು ರೀತಿಯಲ್ಲಿ ಬರೆಯುತ್ತಾರೆ: ಪೂರ್ತಿ ನೈಟ್ರೇಟ್ ಅಯಾನಿನ ತೂಕವಾಗಿ, ಇಲ್ಲವೇ ಅದರೊಳಗಿನ ಸಾರಜನಕದ ತೂಕವಾಗಿ. ಎರಡಕ್ಕೂ ನಡುವೆ ಸುಮಾರು 4.4 ಪಟ್ಟು ವ್ಯತ್ಯಾಸವಿದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 50 ಮಿಲಿಗ್ರಾಂ, ಅಮೆರಿಕದ ಮಿತಿ ಲೀಟರಿಗೆ 10 ಮಿಲಿಗ್ರಾಂ. ಒಂದಕ್ಕಿಂತ ಇನ್ನೊಂದು ಐದು ಪಟ್ಟು ಕಟ್ಟುನಿಟ್ಟು ಎಂದು ತೋರುತ್ತದೆ. ಆದರೆ ಮೊದಲನೆಯದು ನೈಟ್ರೇಟ್ ಲೆಕ್ಕ, ಎರಡನೆಯದು ಸಾರಜನಕದ ಲೆಕ್ಕ. ಪರಿವರ್ತಿಸಿದರೆ 10 ಎಂಬುದು ಸುಮಾರು 44 ಆಗುತ್ತದೆ, ಅಂತರ ಅಷ್ಟೇನೂ ಉಳಿಯುವುದಿಲ್ಲ. ಎರಡು ಪ್ರಯೋಗಾಲಯಗಳ ವರದಿಗಳನ್ನು ಒಂದೇ ಹಾಳೆಗೆ ಸೇರಿಸಿ, ಒಂದು ಹೊಳೆಗೆ ಸುಮ್ಮಸುಮ್ಮನೆ ಕೆಂಪು ಬಣ್ಣ ಬಳಿದ ತಪ್ಪನ್ನು ನಾನೂ ಮಾಡಿದ್ದೇನೆ. ಅಂದಿನಿಂದ ಯಾವುದೇ ಹಾಳೆ ಕೈಗೆ ಬಂದರೂ ಮೊದಲು ಓದುವುದು ಅಂಕಿಯನ್ನಲ್ಲ, ಅಂಕಣದ ತಲೆಬರಹವನ್ನು.

ಎರಡನೆಯದು ಗಳಿಗೆ. ನೀರಿನಲ್ಲಿ ಕರಗಿದ ಆಮ್ಲಜನಕ ಸೂರ್ಯೋದಯಕ್ಕೆ ಮುಂಚೆ ತೀರಾ ಕಡಿಮೆ ಇರುತ್ತದೆ. ಪಾಚಿ ಮತ್ತು ಜಲಸಸ್ಯಗಳು ಬಿಸಿಲಿನಲ್ಲಿ ಕೆಲಸ ಶುರುಮಾಡಿದ ಮೇಲೆ ಏರುತ್ತ ಮಧ್ಯಾಹ್ನದ ಹೊತ್ತಿಗೆ ತುದಿ ಮುಟ್ಟುತ್ತದೆ. ಒಂದು ಹಳ್ಳವನ್ನು ಬೆಳಿಗ್ಗೆ ಆರಕ್ಕೂ ಇನ್ನೊಂದನ್ನು ಮಧ್ಯಾಹ್ನ ಮೂರಕ್ಕೂ ಅಳೆದರೆ ನೀವು ಹೋಲಿಸಿದ್ದು ಹಳ್ಳಗಳನ್ನಲ್ಲ, ಗಡಿಯಾರದ ಮುಳ್ಳುಗಳನ್ನು. ತಾಪಮಾನವನ್ನೂ ಬರೆದಿಟ್ಟುಕೊಳ್ಳಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು 7.5ಕ್ಕೆ ಇಳಿಯುತ್ತದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಸಾಂದ್ರತೆ ಬೇರೆ, ಹೊರೆ ಬೇರೆ. ಒಂದು ಲೀಟರಿನಲ್ಲಿ ಎಷ್ಟಿದೆ ಎಂಬುದು ಸಾಂದ್ರತೆ. ದಿನಕ್ಕೆ ಒಟ್ಟು ಎಷ್ಟು ಕಿಲೋ ಕೆಳಕ್ಕೆ ಹೋಗುತ್ತದೆ ಎಂಬುದು ಹೊರೆ. ಸೆಕೆಂಡಿಗೆ 1 ಘನಮೀಟರ್ ಹರಿವಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ದಿನಕ್ಕೆ 86.4 ಕಿಲೋ ಆಯಿತು. ಈ ಒಂದು ಸಂಖ್ಯೆ ನೆನಪಿದ್ದರೆ ಎಲ್ಲಿ ಬೇಕಾದರೂ ಲೆಕ್ಕ ಹಾಕಬಹುದು. ಒಂದು ಸಣ್ಣ ಹಳ್ಳ ಇದೆ ಎಂದುಕೊಳ್ಳಿ: ರಂಜಕ ಲೀಟರಿಗೆ 0.4 ಮಿಲಿಗ್ರಾಂ, ಹರಿವು ಸೆಕೆಂಡಿಗೆ 0.1 ಘನಮೀಟರ್, ಜಲಾನಯನ 20 ಚದರ ಕಿಲೋಮೀಟರ್. ಪಕ್ಕದಲ್ಲಿ ದೊಡ್ಡ ಹೊಳೆ: ರಂಜಕ 0.08, ಹರಿವು 4, ಜಲಾನಯನ 400. ನೋಡುವುದಕ್ಕೆ ಹೊಳೆ ತಿಳಿ, ಹಳ್ಳ ಹಸಿರು. ಆದರೆ ದಿನದ ಹೊರೆ ಹಳ್ಳದ್ದು ಸುಮಾರು 3.5 ಕಿಲೋ, ಹೊಳೆಯದು ಸುಮಾರು 27.6 ಕಿಲೋ, ಅಂದರೆ ಎಂಟು ಪಟ್ಟು. ಕೆಳಗಿನ ಜಲಾಶಯವನ್ನು ಹಸಿರಾಗಿಸುತ್ತಿರುವುದು ಆ ತಿಳಿ ಹೊಳೆಯೇ. ಇನ್ನು ಚದರ ಕಿಲೋಮೀಟರಿಗೆ ಭಾಗಿಸಿದರೆ ಚಿತ್ರ ಮತ್ತೆ ತಿರುಗುತ್ತದೆ. ಹಳ್ಳದ ನೆಲ ಹೊಳೆಯ ನೆಲಕ್ಕಿಂತ ಎರಡೂವರೆ ಪಟ್ಟು ಹೆಚ್ಚು ರಂಜಕ ಸುರಿಸುತ್ತಿದೆ, ಅಂದರೆ ಒಂದು ಎಕರೆಯಲ್ಲಿ ಮಾಡಿದ ಕೆಲಸಕ್ಕೆ ಅಲ್ಲಿ ಹೆಚ್ಚು ಫಲ. ಮೂರೂ ಅಂಕಿಗಳು ನಿಜ. ಯಾವುದು ಬೇಕು ಎಂಬುದನ್ನು ಮೊದಲ ಹೆಜ್ಜೆಯಲ್ಲಿ ಬರೆದ ವಾಕ್ಯ ಹೇಳಬೇಕು.

ಹೊರೆಯ ಲೆಕ್ಕಕ್ಕೆ ಮಳೆಯ ದಿನಗಳ ಮಾದರಿ ಬೇಕೇ ಬೇಕು. ವರ್ಷದ ರಂಜಕ ಮತ್ತು ಹೂಳಿನ ಬಹುಪಾಲು ಕೆಲವೇ ಜೋರು ಮಳೆಗಳಲ್ಲಿ ಕೊಚ್ಚಿಹೋಗುತ್ತದೆ. ತಿಂಗಳಿಗೊಮ್ಮೆ ಒಳ್ಳೆಯ ಹವೆಯ ದಿನ ನೋಡಿ ತುಂಬಿದ ಬಾಟಲಿಗಳು ಆ ದಿನಗಳನ್ನು ಕಾಣುವುದೇ ಇಲ್ಲ. 2014ರ ಆಗಸ್ಟ್‌ನಲ್ಲಿ ಈರಿ ಸರೋವರದ ಪಾಚಿಯ ವಿಷದಿಂದಾಗಿ ಅಮೆರಿಕದ ಟೊಲಿಡೊ ನಗರ ಮತ್ತು ಸುತ್ತಲಿನ ಸುಮಾರು 4 ಲಕ್ಷ ಜನರಿಗೆ ನಲ್ಲಿ ನೀರು ಕುಡಿಯಬೇಡಿ ಎಂದು ಹೇಳಬೇಕಾಯಿತು. ಆ ಸರೋವರದ ಪಶ್ಚಿಮ ಭಾಗಕ್ಕೆ ರಂಜಕ ತರುವುದರಲ್ಲಿ ಹೊಲಗಳ ನಡುವೆ ಹರಿದು ಬರುವ ಮಾಮೀ ನದಿಯದು ದೊಡ್ಡ ಪಾಲು. ಪಾಚಿ ಎಷ್ಟು ಬೆಳೆದೀತು ಎಂಬುದು ಆ ನದಿ ವಸಂತದ ಮಳೆಗಳಲ್ಲಿ ಹೊತ್ತು ತರುವ ರಂಜಕದ ಮೇಲೆ ನಿಂತಿದೆ. ಅದಕ್ಕೇ ಅಮೆರಿಕ ಮತ್ತು ಕೆನಡಾ ಸೇರಿ ಇಟ್ಟುಕೊಂಡ ಗುರಿಯಲ್ಲಿ ವಸಂತ ಕಾಲದ ಹೊರೆಯನ್ನು 2008ರ ಮಟ್ಟದಿಂದ ಶೇ. 40ರಷ್ಟು ತಗ್ಗಿಸಬೇಕು ಎಂದು ಋತುವನ್ನೇ ಹೆಸರಿಸಿದ್ದಾರೆ.

ಹೆಜ್ಜೆ 5: ಅಂಕ ಕೊಡಿ

ಸೂಚಕಗಳು ಒಂದೊಂದೂ ಒಂದೊಂದು ಮಾನದಲ್ಲಿವೆ. ಎಲ್ಲವನ್ನೂ 0ಯಿಂದ 100ರ ಅಳತೆಗೆ ತರಬೇಕು. ಅಂಕಿಯಿಂದ ಕನಿಷ್ಠವನ್ನು ಕಳೆದು, ಗರಿಷ್ಠ ಮತ್ತು ಕನಿಷ್ಠಗಳ ವ್ಯತ್ಯಾಸದಿಂದ ಭಾಗಿಸಿ, 100ರಿಂದ ಗುಣಿಸುವುದು ಸಾಮಾನ್ಯ ಪದ್ಧತಿ. ಆದರೆ ಐದು ಜಲಾನಯನಗಳ ಕಾಂಕ್ರೀಟಿನ ಪಾಲು ಶೇ. 2, 4, 5, 7 ಮತ್ತು 62 ಎಂದಿದ್ದರೆ? ಅಂಕಗಳು 0, 3, 5, 8, 100 ಎಂದು ಬರುತ್ತವೆ. ಒಂದು ಪೇಟೆ ಉಳಿದ ನಾಲ್ಕನ್ನೂ ನೆಲಕ್ಕೆ ಒತ್ತಿಹಾಕಿ, ಅವುಗಳ ನಡುವಿನ ಮುಖ್ಯ ವ್ಯತ್ಯಾಸವನ್ನೇ ಅಳಿಸಿಬಿಟ್ಟಿತು. ಇಂತಹ ಕಡೆ ಅಂಕಿಯ ಬದಲು ಸ್ಥಾನಕ್ಕೆ ಅಂಕ ಕೊಡಿ: 0, 25, 50, 75, 100.

ಆಮೇಲೆ ಪ್ರತಿ ಗುಂಪಿನ ಸರಾಸರಿ. ಒಟ್ಟು ಅಂಕಕ್ಕೆ, ಆ ಅಮೆರಿಕದ ವಿಧಾನದಲ್ಲಿರುವಂತೆ, ಪರಿಸರದ ಅಂಕ, ಸಮಾಜದ ಅಂಕ ಮತ್ತು 100ರಿಂದ ಒತ್ತಡದ ಅಂಕ ಕಳೆದು ಉಳಿದದ್ದನ್ನು ಕೂಡಿಸಿ ಮೂರರಿಂದ ಭಾಗಿಸಿ. ಲೆಕ್ಕಕ್ಕಾಗಿ ನಾಲ್ಕು ಜಲಾನಯನಗಳನ್ನು ಕಲ್ಪಿಸಿಕೊಳ್ಳೋಣ.

ಅ: ಪರಿಸರ 20, ಒತ್ತಡ 90, ಸಮಾಜ 40. ಒಟ್ಟು 23.
ಆ: ಪರಿಸರ 55, ಒತ್ತಡ 50, ಸಮಾಜ 70. ಒಟ್ಟು 58.
ಇ: ಪರಿಸರ 85, ಒತ್ತಡ 15, ಸಮಾಜ 30. ಒಟ್ಟು 67.
ಈ: ಪರಿಸರ 50, ಒತ್ತಡ 45, ಸಮಾಜ 15. ಒಟ್ಟು 40.

ಮೇಲ್ನೋಟಕ್ಕೆ ‘ಇ’ ಮೊದಲು, ‘ಅ’ ಕೊನೆ. ಹಾಗೆಂದು ಪುನಶ್ಚೇತನದ ಹಣವನ್ನು ‘ಇ’ಗೆ ಕೊಡುವುದೇ? ಅಲ್ಲಿ ಸರಿಪಡಿಸುವುದೇ ಹೆಚ್ಚೇನಿಲ್ಲ. ಅದು ಕಾಯಬೇಕಾದ ನೀರು. ‘ಅ’ ಎಂಬುದೇ ನಾವು ಸಭೆಯಲ್ಲಿ ಬೆರಳಿಟ್ಟ ಕಪ್ಪು ಹಳ್ಳ. ನಿಜವಾಗಿ ಪುನಶ್ಚೇತನಕ್ಕೆ ಹದವಾಗಿರುವುದು ‘ಆ’. ‘ಈ’ ಕೂಡ ನೀರಿನ ದೃಷ್ಟಿಯಿಂದ ಹೆಚ್ಚುಕಡಿಮೆ ಅದರಷ್ಟೇ ಸಿದ್ಧವಿದೆ, ಜೊತೆಗೆ ನಿಲ್ಲುವ ಜನ ಮಾತ್ರ ಇನ್ನೂ ಸೇರಿಲ್ಲ. ಒಂದೇ ಅಂಕ ಇಷ್ಟನ್ನೆಲ್ಲ ಹೇಳುವುದಿಲ್ಲ. ಆದ್ದರಿಂದ ಒತ್ತಡವನ್ನು ಅಡ್ಡಗೆರೆಯಲ್ಲಿ, ಪರಿಸರದ ಕಸುವನ್ನು ಲಂಬಗೆರೆಯಲ್ಲಿ ಇಟ್ಟು, ಪ್ರತಿ ಜಲಾನಯನಕ್ಕೂ ಒಂದು ವೃತ್ತ ಬರೆಯಿರಿ. ವೃತ್ತದ ಗಾತ್ರ ಸಮಾಜದ ಅಂಕದಷ್ಟಿರಲಿ. ಎಡ ಮೇಲ್ಮೂಲೆಯವು ಸಂರಕ್ಷಣೆಯ ಪಟ್ಟಿಗೆ, ನಡುವಿನವು ಪುನಶ್ಚೇತನದ ಪಟ್ಟಿಗೆ, ಬಲ ಕೆಳಮೂಲೆಯವು ದೀರ್ಘಕಾಲದ ಕೆಲಸಕ್ಕೆ. ಈ ಒಂದು ಚಿತ್ರವನ್ನು ಗೋಡೆಗೆ ಹಚ್ಚಿದರೆ ಸಭೆಯ ಮಾತಿನ ಧಾಟಿಯೇ ಬದಲಾಗುತ್ತದೆ.

ಸರಾಸರಿಗೆ ಇನ್ನೊಂದು ಕೆಡುಕಿದೆ. ಎಲ್ಲ ಚೆನ್ನಾಗಿದ್ದು ಗಣಿಯಿಂದ ಭಾರಲೋಹ ಮಾತ್ರ ಸೋರುತ್ತಿರುವ ಹಳ್ಳಕ್ಕೂ ಒಳ್ಳೆಯ ಸರಾಸರಿ ಬಂದೀತು. ಐರೋಪ್ಯ ಒಕ್ಕೂಟದ 2000ನೇ ಇಸವಿಯ ಜಲ ಚೌಕಟ್ಟು ನಿರ್ದೇಶನ ಇದಕ್ಕೆ ಕಟುವಾದ ಉಪಾಯ ಹಿಡಿದಿದೆ: ಯಾವ ಅಂಶ ಅತಿ ಕೆಟ್ಟದ್ದೋ ಅದರ ದರ್ಜೆಯೇ ಇಡೀ ಜಲರಾಶಿಯ ದರ್ಜೆ. ನೀವು ಅಷ್ಟು ದೂರ ಹೋಗದಿದ್ದರೂ, ಮಿತಿ ಮೀರಿದ ವಿಷವಿರುವ ಜಲಾನಯನದ ಹೆಸರಿನ ಪಕ್ಕ ಅಂಕ ಎಷ್ಟೇ ಇರಲಿ ಒಂದು ಕೆಂಪು ಗುರುತು ಇಡಿ.

ಹೆಜ್ಜೆ 6: ನಿಮ್ಮ ಪಟ್ಟಿಯನ್ನು ನೀವೇ ಅಲುಗಾಡಿಸಿ ನೋಡಿ

ಯಾವ ಗುಂಪಿಗೆ ಎಷ್ಟು ತೂಕ ಎಂಬುದು ವಿಜ್ಞಾನ ಹೇಳುವ ಮಾತಲ್ಲ, ನಾವು ಮಾಡುವ ಆಯ್ಕೆ. ಮೇಲಿನ ನಾಲ್ಕರಲ್ಲಿ ಸಮಾಜದ ತೂಕ ಎರಡು ಪಟ್ಟು ಮಾಡಿ. ‘ಆ’ 61ಕ್ಕೆ ಏರಿ ಮೊದಲಾಗುತ್ತದೆ, ‘ಇ’ ಸುಮಾರು 58ಕ್ಕೆ ಇಳಿಯುತ್ತದೆ. ‘ಈ’ ಮತ್ತು ‘ಅ’ಗಳ ಕ್ರಮ ಮಾತ್ರ ಬದಲಾಗುವುದಿಲ್ಲ. ಹೀಗೆ ನಾಲ್ಕೈದು ಬಗೆಯ ತೂಕ ಇಟ್ಟು ನೋಡಿ, ಒಂದೊಂದು ಸೂಚಕವನ್ನು ತೆಗೆದು ನೋಡಿ. ಏನು ಮಾಡಿದರೂ ಮೇಲಿನ ಸಾಲಿನಲ್ಲಿಯೇ ಉಳಿಯುವ ಜಲಾನಯನಗಳ ಮೇಲೆ ಧೈರ್ಯವಾಗಿ ಹಣ ಹೂಡಬಹುದು. 58 ಮತ್ತು 57ರ ನಡುವೆ ಜಗಳವಾಡುತ್ತ ಕೂರಬೇಡಿ. ಆ ಒಂದು ಅಂಕಕ್ಕೆ ನೆಲದ ಮೇಲೆ ಅರ್ಥವಿಲ್ಲ.

ಹೆಜ್ಜೆ 7: ನಡೆಯಿರಿ

ಪಟ್ಟಿಯ ಮೇಲಿನ ಆರೇಳು ಹೆಸರುಗಳನ್ನು ಹಿಡಿದುಕೊಂಡು ಹೊರಡಿ. ಜೇಬಿನಲ್ಲಿ ವಿದ್ಯುದ್ವಾಹಕತೆ ಅಳೆಯುವ ಸಣ್ಣ ಮೀಟರ್ ಇರಲಿ. ನೀರಿನಲ್ಲಿ ಕರಗಿದ ಲವಣ ಹೆಚ್ಚಿದಂತೆ ಅದರ ಅಂಕಿ ಏರುತ್ತದೆ. ಕೊಳಚೆ, ಕಾರ್ಖಾನೆಯ ನೀರು, ಗಣಿಯ ನೀರು ಯಾವುದು ಸೇರಿದರೂ ಸಾಮಾನ್ಯವಾಗಿ ಅಂಕಿ ಜಿಗಿಯುತ್ತದೆ. ಕೆಲವು ದಿನ ಮಳೆ ಬಾರದಿದ್ದಾಗ, ಒಂದೇ ಬೆಳಗಿನಲ್ಲಿ, ಹಳ್ಳದ ಬಾಯಿಯಿಂದ ಮೇಲಕ್ಕೆ ನಡೆಯುತ್ತ ಹೋಗಿ. ಕೂಡುವ ಪ್ರತಿ ಕವಲಿನಲ್ಲಿಯೂ ಮೂರು ಕಡೆ ಅದ್ದಿ: ಎಡ ಕವಲು, ಬಲ ಕವಲು, ಕೂಡಿದ ಕೆಳಗೆ. ಎಡದಲ್ಲಿ 180, ಬಲದಲ್ಲಿ 640 ಬಂದರೆ ಬಲಕ್ಕೆ ತಿರುಗಿ. ಮತ್ತೆ ಮುಂದಿನ ಕವಲು, ಮತ್ತೆ ಅದ್ದುವುದು. ಹೀಗೆ ನಡೆಯುತ್ತ ಹೋದರೆ ಬಹಳ ಸಲ ಮಧ್ಯಾಹ್ನದೊಳಗೆ ಪೊದೆಯ ಮರೆಯಲ್ಲಿರುವ ಒಂದು ಕೊಳವೆಯ ಮುಂದೆ ನಿಂತಿರುತ್ತೀರಿ. ಬಂಡೆಯ ಬಗೆಯಿಂದಲೂ ಈ ಅಂಕಿ ಬದಲಾಗುತ್ತದೆ. ಆದ್ದರಿಂದ ಜಿಗಿತ ಕಂಡಲ್ಲಿ ಬಾಟಲಿಯಲ್ಲಿ ಮಾದರಿ ತುಂಬಿಕೊಂಡು ಪ್ರಯೋಗಾಲಯಕ್ಕೆ ಕಳುಹಿಸಿಯೇ ಮಾತನಾಡಿ.

ಉಪಗ್ರಹಕ್ಕೆ ಕಾಣದ್ದು ನಡೆಯುವವರಿಗೆ ಕಾಣುತ್ತದೆ: ಕುಸಿಯುತ್ತಿರುವ ದಂಡೆ, ದನಗಳು ನೀರಿಗಿಳಿದು ಕೆಸರಾದ ಜಾಗ, ತೊರೆಗೆ ಅಡ್ಡ ನಿಂತ ರಸ್ತೆಯ ಕೊಳವೆ, ಕಾಡೆಂದು ನಕ್ಷೆ ತೋರಿಸಿದ ಕಡೆ ಒಂದೇ ಜಾತಿಯ ನೆಡುತೋಪು. ಪ್ರತಿಯೊಂದಕ್ಕೂ ಮೊಬೈಲ್‌ನಲ್ಲಿ ಸ್ಥಳ ಸಹಿತ ಫೋಟೊ ತೆಗೆಯಿರಿ. ಅಲ್ಲಿ ವಾಸಿಸುವವರನ್ನು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ.

ಹೆಜ್ಜೆ 8: ಎರಡು ಪಟ್ಟಿ, ಎರಡು ಯೋಜನೆ

ಪುನಶ್ಚೇತನದ ಪಟ್ಟಿಯಲ್ಲಿ ಪ್ರತಿ ಜಲಾನಯನಕ್ಕೂ ಒಂದು ಮುಖ್ಯ ಕಾರಣ, ಒಂದು ಮುಖ್ಯ ಕೆಲಸ, ಒಂದು ಅಳತೆ ಬರೆಯಿರಿ. ಇಂತಿಷ್ಟು ಕಿಲೋ ರಂಜಕ ತಗ್ಗಬೇಕು ಎಂಬಂತಹ ಅಳತೆ. ಸಂರಕ್ಷಣೆಯ ಪಟ್ಟಿಯನ್ನು ಇಂದಿನ ಆರೋಗ್ಯದಿಂದಷ್ಟೇ ಜೋಡಿಸಬೇಡಿ. ದೂರದ ಬೆಟ್ಟದ ತುದಿಯ ತೊರೆ ಎಲ್ಲಕ್ಕಿಂತ ಶುದ್ಧವಾಗಿರಬಹುದು, ಅದಕ್ಕೆ ಅಪಾಯ ಇಲ್ಲದಿರಲೂಬಹುದು. ಹೊಸ ರಸ್ತೆಯ ನಕ್ಷೆ, ಗಣಿಗೆ ಬಂದ ಅರ್ಜಿ, ವೇಗವಾಗಿ ಕೈಬದಲಾಗುತ್ತಿರುವ ಭೂಮಿ ಇವು ಎಲ್ಲಿ ಒಳ್ಳೆಯ ನೀರಿನ ಹತ್ತಿರ ಬರುತ್ತಿವೆಯೋ ಅದು ಮೊದಲು.

ಹಾಗಾದರೆ ‘ಅ’ ಎಂಬ ಆ ಕಪ್ಪು ಹಳ್ಳ? ಅದನ್ನು ಮರೆಯುವಂತಿಲ್ಲ, ಅದರ ದಂಡೆಯಲ್ಲಿ ಮನುಷ್ಯರಿದ್ದಾರೆ. ಮಕ್ಕಳು ಅದರಲ್ಲಿ ಇಳಿಯುವುದನ್ನು, ಆ ನೀರು ಬಾವಿಗೆ ಇಂಗುವುದನ್ನು ತಡೆಯುವ ಕೆಲಸ ತುರ್ತಾಗಿ ಆಗಬೇಕು. ಅದು ಆರೋಗ್ಯ ರಕ್ಷಣೆಯ ಹಣದಿಂದ, ಕಾನೂನಿನ ಬಲದಿಂದ, ಬೇರೆ ದಾರಿಯಲ್ಲಿ. ಹಳ್ಳವನ್ನೇ ಚೇತರಿಸಿಕೊಳ್ಳುವಂತೆ ಮಾಡುವುದು ಇಪ್ಪತ್ತು ಮೂವತ್ತು ವರ್ಷಗಳ ಕೆಲಸ ಎಂದು ಅಲ್ಲಿನವರಿಗೆ ನೇರವಾಗಿ ಹೇಳಿ.

ಕಾಲದ ಲೆಕ್ಕವನ್ನೂ ಯೋಜನೆಯಲ್ಲಿಯೇ ಬರೆಯಿರಿ. ಗೊಬ್ಬರ ಇಂದು ತಗ್ಗಿದರೂ ಅಂತರ್ಜಲದಲ್ಲಿ ಆಗಲೇ ಇಳಿದಿರುವ ನೈಟ್ರೇಟ್ ಹಳ್ಳಕ್ಕೆ ಬಂದು ಮುಗಿಯಲು ಕೆಲವು ಕಡೆ ದಶಕಗಳೇ ಬೇಕು. ಕೆರೆಯ ತಳದ ಹೂಳಿನಲ್ಲಿ ಕೂತ ರಂಜಕ, ಹೊರಗಿನಿಂದ ಬರುವುದು ನಿಂತ ಮೇಲೂ ಒಳಗಿನಿಂದ ಏಳುತ್ತಲೇ ಇರುತ್ತದೆ. ಮೂರನೆಯ ವರ್ಷ ಅಂಕಿ ಬದಲಾಗಲಿಲ್ಲವೆಂದು ಕೈಚೆಲ್ಲುವ ಮುನ್ನ ಇದನ್ನು ತೆರೆದು ಓದಬೇಕು.

ಕೊನೆಯದಾಗಿ, ಏನೂ ಕೆಲಸ ಮಾಡದ ಒಂದು ಜಲಾನಯನವನ್ನು ಜೊತೆಗೆ ಆರಿಸಿಟ್ಟುಕೊಳ್ಳಿ. ನೀವು ಕೆಲಸ ಮಾಡುವುದರಂತೆಯೇ ಇರುವ ಮಣ್ಣು, ಇಳಿಜಾರು, ಮಳೆ ಅದಕ್ಕಿರಲಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಬರ್ಡ್ ಬ್ರೂಕ್‌ನಲ್ಲಿ ವಿಜ್ಞಾನಿಗಳು 1965ರ ಕೊನೆಯಲ್ಲಿ ಸುಮಾರು 16 ಹೆಕ್ಟೇರ್‌ಗಳ ಒಂದು ಪುಟ್ಟ ಜಲಾನಯನದ ಮರಗಳನ್ನೆಲ್ಲ ಕಡಿದು, ಮುಂದಿನ ಮೂರು ಬೇಸಿಗೆ ಚಿಗುರನ್ನೂ ತಡೆದರು. ಅದರ ತೊರೆಯಲ್ಲಿ ನೈಟ್ರೇಟ್ ಹತ್ತಾರು ಪಟ್ಟು ಏರಿತು. ಅದೇ ಮಳೆ, ಅದೇ ಚಳಿ ಕಂಡ ಪಕ್ಕದ ಕಾಡಿನ ತೊರೆಯಲ್ಲಿ ಹಾಗಾಗಲಿಲ್ಲ. ಆ ಪಕ್ಕದ ತೊರೆಯನ್ನು ಅಳೆದಿರದಿದ್ದರೆ ಏರಿಕೆ ಮರ ಕಡಿದದ್ದರಿಂದಲೋ ಹವೆಯಿಂದಲೋ ಎಂಬುದನ್ನು ಹೇಳುವುದು ಕಷ್ಟವಾಗುತ್ತಿತ್ತು. ನಿಮ್ಮ ಕೆಲಸ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲೇ ಎರಡೂ ಹಳ್ಳಗಳಲ್ಲಿ ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ಪ್ರಯೋಗಾಲಯಕ್ಕೆ ಮಾದರಿ ತೆಗೆಯಲು ಆರಂಭಿಸಿ. ಹಣ ಕಡಿಮೆ ಬಿದ್ದಾಗ ಎಲ್ಲರೂ ಮೊದಲು ಕತ್ತರಿಸಲು ನೋಡುವುದು ಈ ಎರಡನೆಯ ಬಾಟಲಿಯ ಖರ್ಚನ್ನೇ. ಅದಕ್ಕೆ ಬೇಕಾದ ಹಣವನ್ನು ಮೊದಲ ದಿನವೇ ಬೇರೆ ತೆಗೆದಿಡಿ.